ಆಫೀಸಿಗೆ ಹೋಗಿ ಬರಲು ಹೈಬ್ರಿಡ್ ಸೈಕಲ್: ಹನುಮಂತನಗರದಿಂದ ಕೋರಮಂಗಲಕ್ಕೆ ಯಾವುದು ತಗೊಳ್ಳಲಿ?

ಹೊಂಗೆ ನೆರಳು:
ಎಲ್ಲರಿಗೂ ನಮಸ್ಕಾರ. ಮನೆ ಹನುಮಂತನಗರ, ಆಫೀಸು ಕೋರಮಂಗಲ. ಒಂದು ಕಡೆಗೆ ಸುಮಾರು 9 ಕಿಲೋಮೀಟರ್. ಗಾಂಧಿ ಬಜಾರ್, ಸೌತ್ ಎಂಡ್ ಸರ್ಕಲ್, ಜಯನಗರದ ಒಳರಸ್ತೆಗಳು, ನಿಮ್ಹಾನ್ಸ್ ಕಡೆಯಿಂದ ಡೈರಿ ಸರ್ಕಲ್ ದಾಟಿ ಹೋಗುವುದು ಅಂದುಕೊಂಡಿದ್ದೇನೆ. ಬಜೆಟ್ 25,000 ರೂಪಾಯಿ, ಹೆಲ್ಮೆಟ್ಟು ಬೀಗ ಲೈಟು ಇದಕ್ಕೆ ಸೇರಿಲ್ಲ. ನನ್ನ ಎತ್ತರ 5 ಅಡಿ 3 ಇಂಚು. ಲ್ಯಾಪ್‌ಟಾಪು, ಊಟದ ಡಬ್ಬಿ, ಬದಲಾಯಿಸಲು ಒಂದು ಜೊತೆ ಬಟ್ಟೆ ಒಯ್ಯಬೇಕು. ಕಾಲೇಜಿನಲ್ಲಿ ಲೇಡಿಬರ್ಡ್ ಓಡಿಸಿದ್ದು ಬಿಟ್ಟರೆ ಗೇರ್ ಸೈಕಲ್ ಗೊತ್ತಿಲ್ಲ. ಎರಡು ಮೂರು ಅಂಗಡಿಗೆ ಹೋಗಿದ್ದೆ. ಎಲ್ಲ ಕಡೆಯೂ ಮೊದಲು ಹೇಳಿದ್ದು ಒಂದೇ ಮಾತು, ಮುಂದೆ ಸಸ್ಪೆನ್ಷನ್ ಇದೆ ಮೇಡಂ, 21 ಗೇರ್ ಇದೆ ಮೇಡಂ. ನಮ್ಮ ಅಣ್ಣನ ಮಗ ದಪ್ಪ ಟೈರಿನ ಎಂಟಿಬಿ, ಅಂದರೆ ಮೌಂಟನ್ ಬೈಕ್ ತಗೊಳ್ಳಿ ಅತ್ತೆ ಅಂತಾನೆ. ಇದರಲ್ಲಿ ನಿಜವಾಗಿ ಏನು ನೋಡಬೇಕು, ಯಾವುದು ಬಿಡಬಹುದು, ದಯವಿಟ್ಟು ಹೇಳಿ.

ಎರಡು ಗಾಲಿ:
ಮೇಡಂ, ಒಳ್ಳೆಯ ತೀರ್ಮಾನ. 9 ಕಿಲೋಮೀಟರ್ ಸೈಕಲ್‌ಗೆ ಹೇಳಿ ಮಾಡಿಸಿದ ದೂರ. ಸಿಗ್ನಲ್‌ಗಳನ್ನೆಲ್ಲ ಸೇರಿಸಿ 40ರಿಂದ 45 ನಿಮಿಷ ಹಿಡಿಯಬಹುದು, ಕಾಲು ಪಳಗಿದ ಮೇಲೆ ಇನ್ನೂ ಕಮ್ಮಿ.

ಎಂಟಿಬಿ ಬೇಡ. ಆ ಟೈರಿನ ಗುಬಟು ಮಣ್ಣು ಹಿಡಿಯುವುದಕ್ಕೆ ಇರುವುದು, ಡಾಂಬರಿನ ಮೇಲೆ ಅದು ಬರೀ ಎಳೆತ. ರೋಡ್ ಬೈಕೂ ಬೇಡ, ಬಗ್ಗಿ ಕೂರಬೇಕು, ಟೈರು ತೆಳು, ಕ್ಯಾರಿಯರ್ ಕಟ್ಟಲು ಜಾಗ ಇರುವುದಿಲ್ಲ. ಇವೆರಡರ ನಡುವೆ ಇರುವುದೇ ಹೈಬ್ರಿಡ್: ನೇರ ಹ್ಯಾಂಡಲ್, 700ಸಿ ಅನ್ನುವ ದೊಡ್ಡ ಅಳತೆಯ ಗಾಲಿ, 35ರಿಂದ 42 ಮಿಲಿಮೀಟರ್ ಅಗಲದ, ಹೆಚ್ಚು ಗುಬಟಿಲ್ಲದ ಟೈರು.

ಈಗ ಸಸ್ಪೆನ್ಷನ್ ವಿಷಯ. ನಿಮ್ಮ ಬಜೆಟ್ಟಿನಲ್ಲಿ ಅದು ಬೇಡವೇ ಬೇಡ. ಈ ಬೆಲೆಯ ಸೈಕಲ್‌ಗೆ ಹಾಕುವ ಫೋರ್ಕಿನ, ಅಂದರೆ ಮುಂದಿನ ಗಾಲಿ ಹಿಡಿಯುವ ಕವಲಿನ ಒಳಗೆ ಇರುವುದು ಒಂದು ಸ್ಪ್ರಿಂಗು, ಅಷ್ಟೇ. ಅದು ಕುಗ್ಗುವುದು 50-60 ಮಿಲಿಮೀಟರ್. ಸ್ಪ್ರಿಂಗ್ ಇಲ್ಲದ ಗಟ್ಟಿ ಫೋರ್ಕಿಗೆ ಹೋಲಿಸಿದರೆ ಒಂದು, ಒಂದೂವರೆ ಕಿಲೋ ಜಾಸ್ತಿ ತೂಕ. ಎರಡು ಮಳೆಗಾಲ ಕಳೆದರೆ ಒಳಗೆ ನೀರು ಕೆಸರು ಸೇರಿ ತುಕ್ಕು ಹಿಡಿದು ಅಲ್ಲಾಡುವುದೇ ನಿಂತುಹೋಗುತ್ತದೆ, ಅಥವಾ ಸಡಿಲವಾಗಿ ಟಕ್ ಟಕ್ ಅನ್ನಲು ಶುರುವಾಗುತ್ತದೆ. ಏರಿನಲ್ಲಿ ಎದ್ದು ನಿಂತು ತುಳಿದರೆ ನಿಮ್ಮ ಶಕ್ತಿ ಗಾಲಿಗೆ ಹೋಗುವ ಬದಲು ಸ್ಪ್ರಿಂಗನ್ನು ಒತ್ತುವುದಕ್ಕೆ ಹೋಗುತ್ತದೆ. ಹನುಮಂತನಗರದ ಏರು ನಿಮಗೇ ಗೊತ್ತು, ನಾನು ಹೇಳಬೇಕಾಗಿಲ್ಲ.

ಮೈಸೂರು ಸವಾರ:
ಎರಡು ಗಾಲಿ ಸರ್, ಒಪ್ಪುವುದಕ್ಕಾಗುವುದಿಲ್ಲ. ಬೆಂಗಳೂರಿನ ರಸ್ತೆಗೆ ಸಸ್ಪೆನ್ಷನ್ ಬೇಡ ಅಂದರೆ ಹೇಗೆ? ನಾನು ಮೈಸೂರಿನವನು. ಇಲ್ಲಿ 2017ರಲ್ಲಿ ಶುರುವಾದ ಟ್ರಿನ್ ಟ್ರಿನ್ ಬಾಡಿಗೆ ಸೈಕಲ್ ಓಡಿಸುತ್ತಲೇ ಮತ್ತೆ ಸೈಕಲ್ ರೂಢಿಯಾಯಿತು. ಇಲ್ಲಿನ ರಸ್ತೆಗೆ ಸಾದಾ ಫೋರ್ಕ್ ಸಾಕು. ಆದರೆ ಕೆಲಸಕ್ಕೆ ಅಂತ ಬೆಂಗಳೂರಿಗೆ ಬಂದಾಗೆಲ್ಲ ಹೊಂಡ, ಅಗೆದು ಮುಚ್ಚದ ಗುಂಡಿ, ಹಂಪ್ ಮೇಲೆ ಹಂಪ್. ಮಣಿಕಟ್ಟು ನೋವು ಬರುವುದಿಲ್ವಾ?

ಎರಡು ಗಾಲಿ:
ಪ್ರಶ್ನೆ ಸರಿಯಾಗಿಯೇ ಇದೆ. ಮಣಿಕಟ್ಟು ನೋಯುವುದಕ್ಕೆ ಮುಖ್ಯ ಕಾರಣ ಟೈರನ್ನು ಕಲ್ಲಿನ ಹಾಗೆ ಗಟ್ಟಿಯಾಗಿ ತುಂಬಿಸುವುದು. ಟೈರಿನ ಪಕ್ಕದಲ್ಲಿ ಕನಿಷ್ಠ ಎಷ್ಟು, ಗರಿಷ್ಠ ಎಷ್ಟು ಅಂತ ಬರೆದಿರುತ್ತದೆ. ಎಷ್ಟೋ ಜನ ಗರಿಷ್ಠಕ್ಕೇ ತುಂಬಿಸಿಬಿಡುತ್ತಾರೆ. 60 ಕಿಲೋ ತೂಕದವರಿಗೆ 40 ಮಿಲಿಮೀಟರ್ ಟೈರಿನಲ್ಲಿ 45-50 ಪಿಎಸ್ಐ (ಗಾಳಿಯ ಒತ್ತಡದ ಅಳತೆ) ಸಾಕು. ಹಿಂದಿನ ಗಾಲಿಗೆ ಸ್ವಲ್ಪ ಜಾಸ್ತಿ, ಮುಂದಿನದಕ್ಕೆ ಸ್ವಲ್ಪ ಕಮ್ಮಿ. ಅಷ್ಟು ಗಾಳಿಯಲ್ಲಿ ಚಿಕ್ಕಪುಟ್ಟ ಕುಲುಕಾಟವನ್ನು ಟೈರೇ ನುಂಗಿಕೊಳ್ಳುತ್ತದೆ. ಇನ್ನು ದೊಡ್ಡ ಗುಂಡಿ ಬಂದರೆ ಆ 50 ಮಿಲಿಮೀಟರ್ ಸ್ಪ್ರಿಂಗ್ ಕೂಡ ಕಾಪಾಡುವುದಿಲ್ಲ ಸರ್. ಅಲ್ಲಿ ಸೀಟಿನಿಂದ ಸ್ವಲ್ಪ ಎದ್ದು, ಮೊಣಕೈ ಮೊಣಕಾಲು ಸಡಿಲ ಬಿಟ್ಟು ದಾಟಬೇಕು. ಅದೊಂದು ಅಭ್ಯಾಸ, ಬೇಗ ಬರುತ್ತದೆ.

40,000 ದಾಟಿ ಖರ್ಚು ಮಾಡುವವರಿಗೆ ಒಳ್ಳೆಯ ಫೋರ್ಕ್ ಸಿಗುತ್ತದೆ, ಆಗ ಮಾತು ಬೇರೆ. 25,000ದಲ್ಲಿ ಸಸ್ಪೆನ್ಷನ್ ಕೊಟ್ಟಿದ್ದಾರೆ ಅಂದರೆ ಆ ದುಡ್ಡನ್ನು ಬ್ರೇಕಿನಲ್ಲೋ ಗಾಲಿಯ ನಡುವಿನ ಹಬ್ಬಿನಲ್ಲೋ ಉಳಿಸಿರುತ್ತಾರೆ.

ಪಂಚರ್ ಕಿಟ್:
ಟೈರಿನ ಅಗಲದ ಬಗ್ಗೆ ಇನ್ನೊಂದು ಮಾತು. ಚರಂಡಿ ಮೇಲೆ ಹಾಕಿರುವ ಕಬ್ಬಿಣದ ಜಾಲರಿ ನೋಡಿ. ಕೆಲವು ಕಡೆ ಸರಳುಗಳನ್ನು ರಸ್ತೆಗೆ ಅಡ್ಡಡ್ಡ ಕೂರಿಸಿರುತ್ತಾರೆ, ಕೆಲವು ಕಡೆ ರಸ್ತೆಯ ಉದ್ದಕ್ಕೇ. ಉದ್ದಕ್ಕೆ ಇದ್ದರೆ ತೆಳು ಟೈರು ಆ ಸಂದಿಯಲ್ಲಿ ಇಳಿದು ಸಿಕ್ಕಿಕೊಳ್ಳುತ್ತದೆ, ಸವಾರ ಹ್ಯಾಂಡಲ್ ಮೇಲಿಂದ ಮುಂದಕ್ಕೆ ಹೋಗುತ್ತಾನೆ. ವೈಟ್ ಟಾಪಿಂಗ್ ರಸ್ತೆಯಲ್ಲಿ ಕಾಂಕ್ರೀಟ್ ಮುಗಿದು ಅಂಚು ಶುರುವಾಗುವ ಕಡೆ ಒಂದು ಮೆಟ್ಟಿಲು ಇರುತ್ತಲ್ಲ, ಅದೂ ಹಾಗೆಯೇ. ಅದನ್ನು ಓರೆಯಾಗಿ ಹತ್ತಲು ಹೋದರೆ ಗಾಲಿ ಜಾರುತ್ತದೆ. 38-40 ಮಿಲಿಮೀಟರ್ ಇದ್ದರೆ ಇಂಥ ಕಡೆ ಧೈರ್ಯ ಜಾಸ್ತಿ, ಆದರೂ ಜಾಲರಿ ಕಂಡರೆ ತಪ್ಪಿಸಿಕೊಂಡೇ ಹೋಗಿ.

ಅಂಗಡಿಯಲ್ಲಿ ಗಾಳಿ ತುಂಬುವ ವಾಲ್ವ್ ಯಾವುದು ಅಂತ ಕೇಳಿ. ಸ್ಕ್ರೇಡರ್ ಅಂದರೆ ಬೈಕು ಕಾರಿನಲ್ಲಿ ಇರುವಂಥದ್ದು. ಅದಿದ್ದರೆ ಯಾವ ಪಂಚರ್ ಅಂಗಡಿಯಲ್ಲೂ ಗಾಳಿ ಸಿಗುತ್ತದೆ. ಪ್ರೆಸ್ಟಾ ಅಂದರೆ ತೆಳ್ಳಗೆ ಉದ್ದಕ್ಕೆ, ತುದಿಯಲ್ಲಿ ಚಿಕ್ಕ ತಿರುಪು. ಅದಾದರೆ ಒಂದು ಹಿತ್ತಾಳೆ ಅಡಾಪ್ಟರ್ ಬ್ಯಾಗಿನಲ್ಲಿ ಇರಲೇಬೇಕು. ಕಂಪ್ರೆಸರ್ ಪೈಪು ಹಿಡಿದರೆ ಮೇಲೇ ನಿಂತು ನೋಡಿ, ಸೈಕಲ್ ಟ್ಯೂಬಿನಲ್ಲಿ ಜಾಗ ಕಮ್ಮಿ, ಕ್ಷಣದಲ್ಲಿ ತುಂಬಿ ಒಡೆಯಬಹುದು. ಮನೆಯಲ್ಲಿ ಮೀಟರ್ ಇರುವ, ನೆಲದ ಮೇಲೆ ನಿಲ್ಲಿಸಿ ಒತ್ತುವ ಪಂಪ್ ಒಂದು ಇಟ್ಟುಕೊಳ್ಳುವುದೇ ವಾಸಿ.

ಮತ್ತೆ ಒಂದು ಬಿಡಿ ಟ್ಯೂಬ್, ಟೈರ್ ಬಿಚ್ಚುವ ಪ್ಲಾಸ್ಟಿಕ್ ಕಡ್ಡಿ ಎರಡು, ಚಿಕ್ಕ ಪಂಪು. ಅಪ್ಪನ ಕಾಲದ ಹೀರೋ, ಅಟ್ಲಾಸ್ ಸೈಕಲ್ಲಿನ 28 ಇಂಚಿನ ಟೈರು ಇದಕ್ಕೆ ಕೂರುವುದಿಲ್ಲ. ಹೆಸರಿನಲ್ಲಿ ಎರಡನ್ನೂ 28 ಅನ್ನುತ್ತಾರೆ, ಆದರೆ ಹಳೆಯದರ ರಿಮ್ ಅಳತೆ 635 ಮಿಲಿಮೀಟರ್, ಹೈಬ್ರಿಡ್‌ನದು 622. ಹಾಗಾಗಿ ದಾರಿಯಲ್ಲಿ ಸಿಗುವ ಹಳೆಯ ಸೈಕಲ್ ಅಂಗಡಿಯಲ್ಲಿ ನಿಮ್ಮ ಅಳತೆ ಇಲ್ಲದೇ ಇರಬಹುದು. ಟೈರಿನ ಮೇಲೆ 40-622 ಅಂತ ಬರೆದಿರುತ್ತದೆ, ಆ ಸಂಖ್ಯೆ ನೋಡಿಯೇ ಟ್ಯೂಬ್ ತಗೊಳ್ಳಿ.

ಹೊಂಗೆ ನೆರಳು:
ಅಬ್ಬಾ, ಇಷ್ಟು ವಿವರ ಯಾವ ಅಂಗಡಿಯವರೂ ಹೇಳಿರಲಿಲ್ಲ. ತುಂಬಾ ಧನ್ಯವಾದ. ಗೇರಿನ ವಿಷಯ ಹೇಳಿ. 21 ಒಳ್ಳೆಯದಾ, 24 ಒಳ್ಳೆಯದಾ? ಒಂದು ಕಡೆ 8 ಗೇರಿನದು ತೋರಿಸಿದರು, ಬೆಲೆ ಜಾಸ್ತಿ ಇತ್ತು, ಕಮ್ಮಿ ಗೇರಿಗೆ ಯಾಕೆ ಜಾಸ್ತಿ ದುಡ್ಡು ಅಂತ ವಾಪಸ್ ಬಂದೆ.

ಕೆಂಪು ಪೆಡಲ್:
ಗೇರ್ ಎಷ್ಟಿದೆ ಅನ್ನುವುದಕ್ಕಿಂತ ಹಲ್ಲು ಎಷ್ಟಿವೆ ಅನ್ನುವುದನ್ನು ನೋಡಿ ಮೇಡಂ. 21 ಅಂದರೆ ಮುಂದೆ ಪೆಡಲ್ ಹತ್ತಿರ 3 ಹಲ್ಲಿನ ಚಕ್ರ, ಹಿಂದಿನ ಗಾಲಿಯಲ್ಲಿ 7. ಅದರಲ್ಲಿ ಎಷ್ಟೋ ಗೇರುಗಳು ಒಂದಕ್ಕೊಂದು ಹೆಚ್ಚುಕಡಿಮೆ ಸಮ. ಏರು ಹತ್ತಿಸುವುದು ಒಂದೇ ಗೇರು, ಮುಂದಿನ ಅತಿ ಚಿಕ್ಕ ಚಕ್ರ ಮತ್ತು ಹಿಂದಿನ ಅತಿ ದೊಡ್ಡ ಚಕ್ರ.

ಲೆಕ್ಕ ಹೇಳುತ್ತೇನೆ. ಮುಂದೆ 28 ಹಲ್ಲು, ಹಿಂದೆ 28 ಹಲ್ಲು ಇದ್ದರೆ ಪೆಡಲ್ ಒಂದು ಸುತ್ತಿಗೆ ಗಾಲಿ ಒಂದು ಸುತ್ತು. 38 ಮಿಲಿಮೀಟರ್ ಟೈರಿನ 700ಸಿ ಗಾಲಿಯಾದರೆ ಸೈಕಲ್ ಸುಮಾರು 2.2 ಮೀಟರ್ ಮುಂದೆ ಹೋಗುತ್ತದೆ. ಹಿಂದೆ 34 ಹಲ್ಲಿದ್ದರೆ ಅದೇ ಸುತ್ತಿಗೆ 1.8 ಮೀಟರ್. ಅಂದರೆ ತುಳಿಯುವುದು ಅಷ್ಟು ಹಗುರ. ಮುಂದೆ ಒಂದೇ ಚಕ್ರ ಇರುವ 8 ಗೇರಿನ ಸೈಕಲ್‌ನಲ್ಲಿ ಮುಂದೆ 38, ಹಿಂದೆ 34 ಇದ್ದರೆ ಸುಮಾರು 2.45 ಮೀಟರ್ ಆಗುತ್ತದೆ, ಅದು ಏರಿನಲ್ಲಿ ಸ್ವಲ್ಪ ಭಾರ. ಆದರೆ ಅದರಲ್ಲಿ ಎಡಗೈ ಗೇರ್ ಇರುವುದಿಲ್ಲ, ಚೈನ್ ಬೀಳುವುದು ಕಮ್ಮಿ, ಟ್ರಾಫಿಕ್‌ನಲ್ಲಿ ಯೋಚನೆ ಮಾಡಬೇಕಾಗಿಲ್ಲ. ಹೊಸಬರಿಗೆ ಅದೊಂದು ದೊಡ್ಡ ಅನುಕೂಲ. ನಿಮ್ಮದು ದಿನಾ ಸಂಜೆ ಬ್ಯಾಗು ಹೊತ್ತು ಗುಡ್ಡ ಹತ್ತುವ ಮನೆ, ಹಾಗಾಗಿ ನಾನಾದರೆ ಮುಂದೆ ಮೂರು ಚಕ್ರ ಇದ್ದು ಹಿಂದೆ 32 ಅಥವಾ 34 ಹಲ್ಲಿರುವ 24 ಗೇರಿನದನ್ನೇ ಆರಿಸುತ್ತೇನೆ. ಅಂಗಡಿಯಲ್ಲಿ ಕೂತು ಹಲ್ಲು ಎಣಿಸಿ, ನಾಚಿಕೆ ಬೇಡ.

21ಕ್ಕೂ 24ಕ್ಕೂ ಇನ್ನೊಂದು ವ್ಯತ್ಯಾಸ ಇದೆ, ಇದನ್ನು ಯಾರೂ ಹೇಳುವುದಿಲ್ಲ. ಹಿಂದೆ 7 ಇರುವ ಅಗ್ಗದ ಸೈಕಲ್ಲುಗಳಲ್ಲಿ ಸಾಮಾನ್ಯವಾಗಿ ಫ್ರೀವೀಲ್ ಇರುತ್ತದೆ, ಹಬ್ಬಿನ ಮೇಲೆ ತಿರುಪಿ ಕೂರಿಸುವುದು. 8 ಇದ್ದರೆ ಹೆಚ್ಚಾಗಿ ಕ್ಯಾಸೆಟ್, ಹಬ್ಬಿನ ಮೇಲೆ ಜಾರಿಸಿ ಕೂರಿಸುವುದು. ಫ್ರೀವೀಲ್ ಹಬ್ಬಿನಲ್ಲಿ ಬಲಗಡೆಯ ಬೇರಿಂಗ್ ಒಳಗಡೆ ಇರುತ್ತದೆ, ಆಕ್ಸಲ್ಲಿನ ತುದಿಗೆ ಆಸರೆ ಇಲ್ಲ. ಹಿಂದೆ ಭಾರ ಹೊತ್ತು ಗುಂಡಿಗೆ ಬಿದ್ದರೆ ಆಕ್ಸಲ್ ಬಾಗುತ್ತದೆ, ಕೆಲವೊಮ್ಮೆ ಮುರಿಯುತ್ತದೆ. ಕ್ಯಾಸೆಟ್ ಹಬ್ಬಿನಲ್ಲಿ ಬೇರಿಂಗ್ ತುದಿಯ ಹತ್ತಿರವೇ ಇರುತ್ತದೆ, ಹಾಗಾಗಿ ಗಟ್ಟಿ. ದಿನಾ ಲ್ಯಾಪ್‌ಟಾಪ್ ಒಯ್ಯುವವರಿಗೆ ಇದು ಮುಖ್ಯ. ಆ 8 ಗೇರಿನದಕ್ಕೆ ಬೆಲೆ ಜಾಸ್ತಿ ಇದ್ದದ್ದಕ್ಕೆ ಇದೂ ಒಂದು ಕಾರಣ ಇರಬಹುದು.

ಗೇರ್ ಮಾಡುವ ಶಿಮಾನೋ ಕಂಪನಿಯಲ್ಲಿ ಕೆಳಗಿನಿಂದ ಟೂರ್ನಿ, ಆಲ್ಟಸ್, ಅಸೆರಾ ಅಂತ ಮೇಲೇರುತ್ತದೆ. ಆಲ್ಟಸ್ ಸಿಕ್ಕಿದರೆ ನಿಮಗೆ ಧಾರಾಳ. ಟೂರ್ನಿಯೂ ಕೆಟ್ಟದ್ದೇನಲ್ಲ, ಆಗಾಗ ಸರಿ ಮಾಡಿಸುತ್ತಿರಬೇಕು.

ಹುಬ್ಬಳ್ಳಿ ಹಾದಿ:
ಬ್ರೇಕ್ ಬಗ್ಗೆ ಯಾರೂ ಮಾತಾಡಿಲ್ಲ ನೋಡ್ರಿ. ಮಳೆಯಲ್ಲಿ, ರಬ್ಬರ್ ಕಟ್ಟೆಯಿಂದ ರಿಮ್ಮನ್ನು ಒತ್ತುವ ವಿ-ಬ್ರೇಕ್ ಹಿಡಿದರೆ ಮೊದಲು ರಿಮ್ ಮೇಲಿನ ನೀರು ಒರೆಸಿಹೋಗಬೇಕು, ಆಮೇಲೆ ಹಿಡಿತ. ಆ ಅಷ್ಟು ಹೊತ್ತಿನಲ್ಲಿ ಮುಂದಿನ ಆಟೋಗೆ ತಾಗಿರುತ್ತೀರಿ. ಕೆಂಪು ಮಣ್ಣಿನ ಕೆಸರು ಬ್ರೇಕ್ ಕಟ್ಟೆಗೆ ಅಂಟಿ ರಿಮ್ಮನ್ನೇ ಉಜ್ಜಿ ಸವೆಸುತ್ತದೆ. ಗಾಲಿಯ ನಡುವಿನ ತಟ್ಟೆಯನ್ನು ಹಿಡಿಯುವ ಡಿಸ್ಕ್ ಬ್ರೇಕ್ ಇದ್ದರೆ ಈ ತಾಪತ್ರಯ ಕಮ್ಮಿ.

ಪಂಚರ್ ಕಿಟ್:
ಹುಬ್ಬಳ್ಳಿಯವರು ಹೇಳಿದ್ದು ಸರಿ. ಡಿಸ್ಕಿನಲ್ಲೂ ಎರಡು ಬಗೆ. ಕೇಬಲ್ ಎಳೆಯುವುದು ಒಂದು, ಎಣ್ಣೆಯ ಒತ್ತಡದ ಹೈಡ್ರಾಲಿಕ್ ಇನ್ನೊಂದು. ಹೈಡ್ರಾಲಿಕ್ ಒಂದು ಬೆರಳಿನಲ್ಲಿ ನಿಲ್ಲುತ್ತದೆ, ಪ್ಯಾಡ್ ಸವೆದರೂ ತಾನೇ ಹೊಂದಿಸಿಕೊಳ್ಳುತ್ತದೆ. ಆದರೆ ಗಾಳಿ ಸೇರಿಕೊಂಡರೆ ಅದಕ್ಕೆ ತಕ್ಕ ಎಣ್ಣೆ, ಕಿಟ್ಟು, ಕಲಿತ ಮೆಕ್ಯಾನಿಕ್ ಬೇಕು. ಕೇಬಲ್ಲಿನದಾದರೆ ಪ್ಯಾಡ್ ಸವೆದ ಹಾಗೆ ಬಿಗಿ ಮಾಡಿಕೊಳ್ಳಬೇಕು, ಅದನ್ನು ನೀವೇ ಮಾಡಬಹುದು. ನಿಮ್ಮ ಬಜೆಟ್ಟಿಗೆ ಕೇಬಲ್ ಡಿಸ್ಕ್ ಸರಿ.

ಒಂದು ಎಚ್ಚರಿಕೆ. ಡಿಸ್ಕಿನ ತಟ್ಟೆಗೆ ಎಣ್ಣೆ ತಾಗಬಾರದು. ಚೈನಿಗೆ ಸ್ಪ್ರೇ ಹೊಡೆಯುವಾಗ ತಟ್ಟೆ ಮೇಲೆ ಬಿದ್ದರೆ ಪ್ಯಾಡ್ ಹೀರಿಕೊಂಡುಬಿಡುತ್ತದೆ, ಆಮೇಲೆ ಬ್ರೇಕ್ ಕಿರುಚುತ್ತದೆ, ಹಿಡಿಯುವುದಿಲ್ಲ. ಚೈನಿಗೆ ಹನಿ ಹನಿಯಾಗಿ ಎಣ್ಣೆ ಬಿಟ್ಟು, ಸ್ವಲ್ಪ ಹೊತ್ತು ಬಿಟ್ಟು, ಬಟ್ಟೆಯಲ್ಲಿ ಒರೆಸಿ ತೆಗೆಯಿರಿ. ಬೈಕ್ ವಾಟರ್ ಸರ್ವಿಸ್‌ನಲ್ಲಿ ಜೋರು ನೀರು ಹೊಡೆಸಲೇಬೇಡಿ, ಬೇರಿಂಗಿನ ಗ್ರೀಸ್ ಕಿತ್ತುಹೋಗುತ್ತದೆ.

ಮಳೆ ಮುಗಿಲು:
ನಾನು ಸೈಕಲ್‌ನಲ್ಲಿ ಆಫೀಸಿಗೆ ಹೋಗುವ ಹೆಂಗಸು, ಯಲಹಂಕ ಕಡೆ. ಸೈಜಿನ ಬಗ್ಗೆ ಹೇಳುತ್ತೇನೆ. 5 ಅಡಿ 3 ಇಂಚಿಗೆ ಸಾಮಾನ್ಯವಾಗಿ ಸ್ಮಾಲ್ ಸೈಜ್ ಹೊಂದುತ್ತದೆ, ಆದರೆ ಕಂಪನಿಯಿಂದ ಕಂಪನಿಗೆ ವ್ಯತ್ಯಾಸ ಇದೆ. ಅಂಗಡಿಯಲ್ಲಿ ಸ್ಮಾಲ್ ಇಲ್ಲದಿದ್ದರೆ ಸೀಟು ಇಳಿಸಿ ಮೀಡಿಯಮ್ಮನ್ನೇ ಕೊಡಲು ನೋಡುತ್ತಾರೆ. ಬಗ್ಗಬೇಡಿ. ಸೀಟು ಇಳಿಸಿದರೆ ಕಾಲಿಗೆ ಸರಿಯಾಯಿತು, ಆದರೆ ಹ್ಯಾಂಡಲ್ ದೂರವೇ ಉಳಿಯಿತಲ್ಲ. ಕುತ್ತಿಗೆ, ಭುಜ ನೋವು ಅಲ್ಲಿಂದಲೇ ಶುರು.

ಹೀಗೆ ನೋಡಿ. ಸೈಕಲ್ಲಿನ ನಡುಕಂಬಿಯ ಎರಡೂ ಕಡೆ ಕಾಲಿಟ್ಟು ನೆಲದ ಮೇಲೆ ನಿಂತಾಗ ಕಂಬಿಗೂ ನಿಮಗೂ ಎರಡು ಮೂರು ಬೆರಳು ಜಾಗ ಇರಬೇಕು. ಸೀಟಿನಲ್ಲಿ ಕೂತು ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟು ಕೆಳಕ್ಕೆ ತಂದಾಗ ಕಾಲು ಪೂರ್ತಿ ನೇರವಾಗಬೇಕು. ಆಮೇಲೆ ಪಾದದ ಮುಂಭಾಗದಿಂದ ತುಳಿದರೆ ಮೊಣಕಾಲು ಚೂರು ಬಾಗಿರುತ್ತದೆ, ಅದೇ ಸರಿಯಾದ ಎತ್ತರ. ಲೇಡಿಬರ್ಡ್‌ನಲ್ಲಿ ಕೂತಲ್ಲಿಂದಲೇ ಎರಡೂ ಪಾದ ನೆಲಕ್ಕೆ ಊರುವ ಅಭ್ಯಾಸ ಇರುತ್ತದೆ ನಿಮಗೆ. ಇದರಲ್ಲಿ ಹಾಗಾಗುವುದಿಲ್ಲ. ಸಿಗ್ನಲ್‌ನಲ್ಲಿ ಸೀಟಿನಿಂದ ಮುಂದಕ್ಕೆ ಇಳಿದು ನಿಲ್ಲಬೇಕು. ಮೊದಮೊದಲು ಭಯ ಆಗುತ್ತದೆ, ಭಾನುವಾರ ಬೆಳಿಗ್ಗೆ ಖಾಲಿ ರಸ್ತೆಯಲ್ಲಿ ಅಭ್ಯಾಸ ಮಾಡಿ.

ಬ್ಯಾಗನ್ನು ಬೆನ್ನಿಗೆ ಹಾಕಬೇಡಿ. ಬೆನ್ನು ಪೂರ್ತಿ ಬೆವರಿನಿಂದ ನೆನೆದುಹೋಗುತ್ತದೆ. ಹಿಂದೆ ಕ್ಯಾರಿಯರ್ ಹಾಕಿಸಿ ಪಕ್ಕಕ್ಕೆ ತೂಗುಹಾಕುವ ಪ್ಯಾನಿಯರ್ ಬ್ಯಾಗ್ ತಗೊಳ್ಳಿ. ಅದಕ್ಕೆ ಫ್ರೇಮಿನಲ್ಲಿ ಕ್ಯಾರಿಯರ್ ಕೂರಿಸುವ ತೂತು ಇರಬೇಕು, ಹಿಂದಿನ ಆಕ್ಸಲ್ ಹತ್ತಿರ ಎರಡು, ಸೀಟಿನ ಕೆಳಗೆ ಎರಡು. ಮಡ್‌ಗಾರ್ಡಿಗೂ ಜಾಗ ಇದೆಯಾ ನೋಡಿ. ಪೂರ್ತಿ ಉದ್ದದ ಮಡ್‌ಗಾರ್ಡ್ ಇಲ್ಲದೆ ಬೆಂಗಳೂರಿನಲ್ಲಿ ಸೆಪ್ಟೆಂಬರ್ ಸಂಜೆ ಓಡಿಸಿದರೆ ಕುರ್ತಾ ಬೆನ್ನ ಮೇಲೆ ಕೆಸರಿನ ಗೆರೆ ಗ್ಯಾರಂಟಿ. ಚೂಡಿದಾರ್ ಹಾಕುವವರಾದರೆ ಚೈನ್‌ಗಾರ್ಡ್ ಇರುವುದನ್ನೇ ನೋಡಿ, ದುಪಟ್ಟಾ ಬ್ಯಾಗಿನೊಳಗೆ. ದುಪಟ್ಟಾ ಗಾಲಿಗೆ ಸುತ್ತಿಕೊಂಡರೆ ಪ್ರಾಣಕ್ಕೇ ಅಪಾಯ, ಇದನ್ನು ದಯವಿಟ್ಟು ಹಗುರವಾಗಿ ತಗೊಳ್ಳಬೇಡಿ.

ಮೈಸೂರು ಸವಾರ:
ಮಡಚುವ ಸೈಕಲ್ ಯಾಕಾಗಬಾರದು? ನಮ್ಮ ಮೆಟ್ರೋದಲ್ಲಿ ಬಿಡುತ್ತಾರಂತೆ ಅಲ್ವಾ?

ಎರಡು ಗಾಲಿ:
2022ರ ನವೆಂಬರಿನಿಂದ ಬಿಡುತ್ತಿದ್ದಾರೆ. ಕೊನೆಯ ಬೋಗಿಯಲ್ಲಿ ಮಾತ್ರ, ತೂಕ 15 ಕಿಲೋ ಮೀರಬಾರದು, ಅಳತೆಗೂ ಮಿತಿ ಇದೆ. ಮೇಡಂಗೆ ದಾರಿಯಲ್ಲಿ ಮೆಟ್ರೋ ಅಷ್ಟಾಗಿ ಉಪಯೋಗಕ್ಕೆ ಬರುವುದಿಲ್ಲ. 9 ಕಿಲೋಮೀಟರ್ ಪೂರ್ತಿ ಸೈಕಲ್ಲೇ ಆದರೆ ದೊಡ್ಡ ಗಾಲಿಯೇ ಒಳ್ಳೆಯದು, ಗುಂಡಿಯಲ್ಲಿ ಚಿಕ್ಕ ಗಾಲಿ ಪೂರ್ತಿ ಇಳಿದುಬಿಡುತ್ತದೆ.

ಹುಬ್ಬಳ್ಳಿ ಹಾದಿ:
ಎಲೆಕ್ಟ್ರಿಕ್ ಸೈಕಲ್? 250 ವ್ಯಾಟ್ ಒಳಗೆ, 25 ಕಿಲೋಮೀಟರ್ ವೇಗದ ಒಳಗೆ ಇದ್ದರೆ ನೋಂದಣಿ ಬೇಡ, ಲೈಸೆನ್ಸೂ ಬೇಡ.

ಕೆಂಪು ಪೆಡಲ್:
ಮೊಣಕಾಲು ನೋವಿರುವವರಿಗೆ ಒಳ್ಳೆಯದು. ಈ ಬಜೆಟ್ಟಿನಲ್ಲಿ ಸಿಗುವುದು ಭಾರ ಜಾಸ್ತಿ, ಬ್ಯಾಟರಿ ಮುಗಿದರೆ ಹನುಮಂತನಗರದಲ್ಲಿ ತಳ್ಳಿಕೊಂಡೇ ಹೋಗಬೇಕು. ಮೊದಲು ಸಾದಾ ಸೈಕಲ್ ಓಡಿಸಿ ನೋಡಲಿ.

ಹೊಂಗೆ ನೆರಳು:
ಕಂಪನಿ ಹೆಸರು ಹೇಳಿದರೆ ಸುಮ್ನೆ ಊರೆಲ್ಲ ಸುತ್ತುವುದು ತಪ್ಪುತ್ತದೆ. ಮತ್ತೆ ಬೀಗದ ಬಗ್ಗೆಯೂ ಹೇಳಿ. ಆಫೀಸಿನ ಬೇಸ್‌ಮೆಂಟಿನಲ್ಲಿ ನಿಲ್ಲಿಸಬಹುದು ಅಂದಿದ್ದಾರೆ.

ಎರಡು ಗಾಲಿ:
ಟ್ರೆಕ್ ಎಫ್ಎಕ್ಸ್, ಜೈಂಟ್ ಎಸ್ಕೇಪ್ ಎರಡೂ ಗಟ್ಟಿ ಫೋರ್ಕಿನ ಒಳ್ಳೆಯ ಹೈಬ್ರಿಡ್‌ಗಳು, ಆದರೆ ಹೊಸದು ನಿಮ್ಮ ಬಜೆಟ್ ದಾಟುತ್ತದೆ. ಸ್ಕಾಟ್ ಸಬ್ ಕ್ರಾಸ್, ಮೆರಿಡಾ ಕ್ರಾಸ್‌ವೇಗಳಲ್ಲಿ ಹೆಚ್ಚಿನವು ಸಸ್ಪೆನ್ಷನ್ ಇರುವಂಥವು. ನಿಮ್ಮ ಬಜೆಟ್ಟಿನ ಹತ್ತಿರ ಡೆಕಾಥ್ಲಾನಿನ ರಿವರ್‌ಸೈಡ್, ಫೈರ್‌ಫಾಕ್ಸ್, ಮಾಂಟ್ರಾ ನೋಡಿ. ಮಾದರಿಗಳು ವರ್ಷ ವರ್ಷ ಬದಲಾಗುತ್ತವೆ, ಹಾಗಾಗಿ ಹೆಸರಿಗಿಂತ ಮೇಲೆ ಹೇಳಿದ ಅಂಶಗಳನ್ನೇ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಬಿಲ್ಲಿನಲ್ಲಿ ತೆರಿಗೆಯನ್ನೂ ನೋಡಿ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮೇಲಿನ ಜಿಎಸ್‌ಟಿ 12ರಿಂದ 5 ಪರ್ಸೆಂಟಿಗೆ ಇಳಿದಿದೆ. ಹಳೆಯ ಬೆಲೆಯ ಚೀಟಿ ಅಂಟಿಸಿದ್ದರೆ ಕೇಳಿ ಕಮ್ಮಿ ಮಾಡಿಸಿಕೊಳ್ಳಿ.

ಬೇಸ್‌ಮೆಂಟ್ ಆದರೂ ಬೀಗ ಬೇಕೇ ಬೇಕು. ತೆಳು ಕೇಬಲ್ ಬೀಗ ಕಟಿಂಗ್ ಪ್ಲೇಯರ್‌ಗೆ ತುಂಡಾಗುತ್ತದೆ. ಯು ಆಕಾರದ ಗಟ್ಟಿ ಬೀಗ ತಗೊಂಡು ಫ್ರೇಮನ್ನು ಕಂಬಕ್ಕೋ ಪೈಪಿಗೋ ಸೇರಿಸಿ ಹಾಕಿ. ಬರೀ ಮುಂದಿನ ಗಾಲಿಗೆ ಹಾಕಿದರೆ ಗಾಲಿ ಮಾತ್ರ ಉಳಿಯುತ್ತದೆ. ಎರಡೂ ಪೆಡಲ್ ಸೇರುವ ಜಾಗದಲ್ಲಿ ಫ್ರೇಮಿನ ಅಡಿಗೆ ಫ್ರೇಮ್ ನಂಬರ್ ಕೊರೆದಿರುತ್ತಾರೆ, ಅದರ ಫೋಟೋ ಮತ್ತು ಬಿಲ್ಲು ಫೋನಿನಲ್ಲಿರಲಿ.

ಮಳೆ ಮುಗಿಲು:
ಹಿಂದೆ ಕೆಂಪು ಲೈಟು, ಮುಂದೆ ಬಿಳಿ ಲೈಟು ಹಗಲಿನಲ್ಲೂ ಹಾಕಿಕೊಳ್ಳಿ. ಡೈರಿ ಸರ್ಕಲ್ ಹತ್ತಿರ ಬಸ್ಸಿನ ಎಡಗಡೆ ನುಸುಳಲೇಬೇಡಿ, ಡ್ರೈವರ್ ಕಣ್ಣಿಗೆ ನೀವು ಬೀಳುವುದಿಲ್ಲ. ಇಳಿದು ತಳ್ಳಿಕೊಂಡು ದಾಟಿದರೆ ಎರಡು ನಿಮಿಷ ತಡ, ಅಷ್ಟೇ. ನಮ್ಮ ಊರಿನಲ್ಲಿ ಸೈಕಲ್ ದಾರಿಯನ್ನು ನಂಬಿ ಹೊರಡುವ ಹಾಗಿಲ್ಲ. 2020ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಸಿಲ್ಕ್ ಬೋರ್ಡಿನಿಂದ ಲೌರಿ ಜಂಕ್ಷನ್‌ವರೆಗೆ ಬೊಲ್ಲಾರ್ಡ್ (ಗಿಡ್ಡ ತಡೆಗಂಬ) ನೆಟ್ಟು ಸೈಕಲ್ ಲೇನ್ ಮಾಡಿದಾಗ ಎಷ್ಟು ಖುಷಿಪಟ್ಟಿದ್ದೆವು. ಆಮೇಲೆ ಮೆಟ್ರೋ ಕೆಲಸ ಬಂತು, ಪಾರ್ಕಿಂಗ್ ಬಂತು, ಬೊಲ್ಲಾರ್ಡ್ ಮುರಿದವು. ಅದು ಉಳಿಯಬೇಕಿತ್ತು. ಇವತ್ತಿಗೂ ಆ ಕಡೆ ಹೋದಾಗ ಬೇಜಾರಾಗುತ್ತದೆ. ಸೈಕಲ್ ಸವಾರರ ಸಂಖ್ಯೆ ಜಾಸ್ತಿ ಆದರೆ ಕೇಳುವ ದನಿಯೂ ಜಾಸ್ತಿ ಆಗುತ್ತದೆ, ಅದಕ್ಕೇ ನಿಮ್ಮಂಥವರು ಬಂದರೆ ನಮಗೆ ಸಂತೋಷ.

ಹೊಂಗೆ ನೆರಳು:
ನಿನ್ನೆ ಚೀಟಿ ಹಿಡಿದುಕೊಂಡು ಹೋಗಿದ್ದೆ. ಹಲ್ಲನ್ನೂ ಎಣಿಸಿದೆ. ಗಟ್ಟಿ ಫೋರ್ಕ್, 40 ಮಿಲಿಮೀಟರ್ ಟೈರು, ಮುಂದೆ 3 ಹಿಂದೆ 8, ಕ್ಯಾಸೆಟ್, ಕೇಬಲ್ ಡಿಸ್ಕ್, ಕ್ಯಾರಿಯರ್ ತೂತು ಎಲ್ಲ ಇರುವ ಒಂದು ಸಿಕ್ಕಿತು. ಸ್ಮಾಲ್ ಸೈಜ್ ಸ್ಟಾಕಿಲ್ಲ, ಮುಂದಿನ ವಾರ ತರಿಸಿಕೊಡುತ್ತೇವೆ ಅಂದರು. ಮೀಡಿಯಮ್ ಇವತ್ತೇ ಒಯ್ಯಿರಿ ಅಂತ ಒತ್ತಾಯ ಮಾಡಿದರು, ಒಪ್ಪಲಿಲ್ಲ. ಸ್ವಲ್ಪ ಮುಂಗಡ ಕೊಟ್ಟು ಬಂದೆ. ತಂದ ಮೇಲೆ ಮೊದಲ ತಿಂಗಳು ಏನು ಗಮನಿಸಬೇಕು?

ಪಂಚರ್ ಕಿಟ್:
ಕಾದಿದ್ದು ಒಳ್ಳೆಯದಾಯಿತು. ಹೊಸ ಕೇಬಲ್ ಮೊದಲ ಕೆಲವು ವಾರದಲ್ಲಿ ಸಡಿಲಗೊಳ್ಳುತ್ತದೆ, ಗೇರ್ ತಡವರಿಸುತ್ತದೆ, ಬ್ರೇಕ್ ಲಿವರ್ ಒಳಕ್ಕೆ ಹೋಗುತ್ತದೆ. ಸೈಕಲ್ ಕೆಟ್ಟಿತು ಅಂತ ಗಾಬರಿ ಬೇಡ. ಫ್ರೀ ಸರ್ವಿಸ್ ಕೊಡುತ್ತಾರಲ್ಲ, ಅದನ್ನು ಬಿಡದೆ ಮಾಡಿಸಿ. ಗಾಲಿಯ ಕಡ್ಡಿಗಳನ್ನು ಎರಡೆರಡಾಗಿ ಹಿಂಡಿ ನೋಡಿ, ಒಂದು ಜೊತೆ ಮಾತ್ರ ಮೆತ್ತಗಿದ್ದರೆ ಹೇಳಿ ಬಿಗಿ ಮಾಡಿಸಿ, ಗಾಲಿ ಬೆಂಡು ತೆಗೆಸಿ. ಕ್ಯಾರಿಯರ್ ಬೋಲ್ಟುಗಳನ್ನು ವಾರಕ್ಕೊಮ್ಮೆ ಕೈಯಾರೆ ತಿರುಗಿಸಿ ನೋಡಿ, ನಮ್ಮ ಹಂಪುಗಳಿಗೆ ಮೊದಲು ಸಡಿಲವಾಗುವುದು ಅವೇ. ಮೆಕ್ಯಾನಿಕ್ ಕೆಲಸ ಮಾಡುವಾಗ ಪಕ್ಕದಲ್ಲೇ ನಿಂತು ನೋಡಿ, ಟ್ಯೂಬ್ ಬದಲಾಯಿಸುವುದನ್ನು ಒಂದು ಸಲ ನಿಮ್ಮ ಕೈಯಿಂದಲೇ ಮಾಡಿಸಲು ಹೇಳಿ. ಆರು ಮೂಲೆಯ ಅಲೆನ್ ಕೀ 4, 5, 6 ಮಿಲಿಮೀಟರಿನದು ಒಂದು ಸೆಟ್ ತಗೊಂಡಿಟ್ಟುಕೊಳ್ಳಿ, ಹೆಚ್ಚಿನ ಕೆಲಸ ಅದರಲ್ಲೇ ಮುಗಿಯುತ್ತದೆ.